ಉಸಿರು ಇಳಿದ ಮೇಲೆ ಮಾತು

ಎಪ್ವರ್ತ್ ಊರಿನ ಬಂಡೆಗಳ ನಡುವಿನ ದಾರಿ ಹತ್ತಿಳಿದು ಕ್ಲಿನಿಕ್ಕಿಗೆ ಬಂದವರು ಮೊದಲು ಹೊರಗಿನ ಬೆಂಚಿನಲ್ಲಿ ಕೂರಬೇಕು. ಇದು ಸೆಕಾಯಿಯ ಅಂಬುಯಳ, ಅಂದರೆ ಅಜ್ಜಿಯ, ಕಟ್ಟಪ್ಪಣೆ. ಯಾರ ಮನೆಗೇ ಹೋಗಲಿ, ಕೂತು, ಉಸಿರು ಇಳಿಸಿಕೊಂಡು, ಆಮೇಲೆ ಅಂಗೈ ತಟ್ಟಿ ಕುಶಲ ಕೇಳುವ ಜನ ಇವರು. ಏದುಸಿರು ಬಿಡುತ್ತಾ ದೊಡ್ಡವರ ಮುಂದೆ ನಿಂತರೆ ಮರ್ಯಾದೆ ಏನುಳಿಯಿತು?

ಹಾಳಾದ ಆ ಮರ್ಯಾದೆಯೇ ಹುಡುಗಿಯ ಎದೆಯ ರೋಗವನ್ನು ಮುಚ್ಚಿಟ್ಟಿತ್ತು. ಸೆಕಾಯಿಗೆ ಹದಿನಾಲ್ಕು, ನೋಡಿದರೆ ಒಂಬತ್ತು ಅನ್ನಬೇಕು. ಹುಟ್ಟಿನಿಂದ ಬಂದ ಎಚ್‌ಐವಿಗೆ ಮಾತ್ರೆ ತಪ್ಪಿಸಿದವಳಲ್ಲ, ಆದರೂ ನಡೆದರೆ ಏದುಸಿರು. ಪ್ರತಿ ಸಲವೂ ಸಿಸ್ಟರ್ ಚಿಗೋವಾ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ, "ಚೆನ್ನಾಗಿದೀಯಲ್ಲೇ ಪುಟ್ಟಿ" ಎಂದು ಕಳಿಸುತ್ತಿದ್ದಳು. ಸೆಕಾಯಿಗೂ ಅಷ್ಟೇ ಬೇಕಿತ್ತು. ಅವಳ ಅಮ್ಮನೂ ಹೀಗೇ ಏದುಸಿರು ಬಿಡುತ್ತಾ ದೊಡ್ಡಾಸ್ಪತ್ರೆಗೆ ಹೋಗಿದ್ದಳು, ವಾಪಸು ಬರಲಿಲ್ಲ.

ಇವತ್ತು ಮಾತ್ರ ದಾರಿಯಲ್ಲಿ ಅವಳ ಉಗುರು ನೀಲಿಗಟ್ಟಿದವು. ಆಸ್ಪತ್ರೆಯ ಭಯಕ್ಕಿಂತ ದೊಡ್ಡ ಭಯ ಹುಟ್ಟಿತು. ಯಾರಿಗೂ ಗೊತ್ತಾಗದೆ, ಆ ಬಂಡೆಗಳ ನಡುವೆಯೇ ಉಸಿರು ನಿಂತುಬಿಟ್ಟರೆ?

"ಅಂಬುಯಾ, ಈಗ್ಲೇ ಒಳಗೆ ಹೋಗೋಣ."

"ಸುಮ್ನೆ ಕೂರೇ! ಕೋಳಿ ಅಟ್ಟಿಸ್ಕೊಂಡು ಬಂದೋಳ ಹಾಗೆ ಹೋಗ್ತೀಯಾ?"

ಕೂತಳು. ಉಸಿರು ಇಳಿಯಿತು. ಭಯ ಏರಿತು. ಒಳಗೆ ಹೋದರೆ ಮತ್ತೆ ಅದೇ "ಚೆನ್ನಾಗಿದೀಯಲ್ಲೇ".

ಸಿಸ್ಟರ್ ಹೆಸರು ಕೂಗಿದಳು. ಸೆಕಾಯಿ ಎದ್ದವಳು ಬಾಗಿಲಿಗೆ ಹೋಗಲಿಲ್ಲ, ಗೇಟಿನತ್ತ ಓಡಿದಳು. ಅಲ್ಲಿನ ಮಾವಿನ ಮರ ಮುಟ್ಟಿ, ತಿರುಗಿ ಸಿಸ್ಟರ್ ಬಳಿಗೆ ಓಡಿದಳು.

"ಅಯ್ಯೋ, ಏನೇ ಬಂತು ನಿಂಗೆ! ಮಾನ ಕಳೀತೀಯಲ್ಲೇ!" ಅಜ್ಜಿ ಲಂಗ ಎತ್ತಿಕೊಂಡು ಹಿಂದೆಯೇ ಓಡಿದಳು.

ಸೆಕಾಯಿ ಅಂಗೈ ತಟ್ಟಲಿಲ್ಲ, ಕುಶಲ ಕೇಳಲಿಲ್ಲ. ಎದೆ ಸಿಳ್ಳೆ ಹಾಕುತ್ತಿತ್ತು. ಬೆರಳು ಚಾಚಿದಳು. ಸಿಸ್ಟರ್ ಅಂಕಿ ನೋಡಿದಳು, ಕ್ಲಿಪ್ಪು ಒರೆಸಿ ಇನ್ನೊಂದು ಬೆರಳಿಗೆ ಹಾಕಿದಳು. ಅವಳ ಮುಖದ ನಗು ಇಳಿದುಹೋಯಿತು.

"ಯಾವಾಗಿಂದ ಹೀಗೆ? ಯಾಕೆ ಹೇಳ್ಲಿಲ್ಲ?"

"ತಪ್ಪು ತಿಳ್ಕೋಬೇಡಿ ಸಿಸ್ಟರ್," ಬಾಗಿಲಲ್ಲಿ ಅಂಬುಯ ಅಂಗೈ ಜೋಡಿಸುತ್ತಾ ಅಂದಳು, "ಮಗು ಸ್ವಲ್ಪ ಸುಧಾರಿಸ್ಕೊಳ್ಲಿ, ಆಮೇಲೆ ಮಾತಾಡ್ತಾಳೆ."

"ಬೇಡ ಅಂಬುಯಾ... ಸುಧಾರಿಸ್ಕೊಂಡ್ರೆ... ಅವರಿಗೆ ಕಾಣಲ್ಲ."

ಅಜ್ಜಿಯ ಅಂಗೈಗಳು ತಟ್ಟದೆ ಹಾಗೇ ನಿಂತವು. ಸಿಸ್ಟರ್ ಆಗಲೇ ಆಕ್ಸಿಜನ್ ಸಿಲಿಂಡರಿಗೆ ಕೂಗಿ, "ದೊಡ್ಡಾಸ್ಪತ್ರೆಗೆ ಗಾಡಿ ಕರೀರಿ" ಅನ್ನುತ್ತಿದ್ದಳು. ಆ ಹೆಸರು ಕೇಳಿದ್ದೇ ಸೆಕಾಯಿ ಅಜ್ಜಿಯ ಲಂಗ ಹಿಡಿದುಕೊಂಡಳು.

"ನನ್ನೊಬ್ಳನ್ನೇ ಕಳಿಸ್ಬೇಡ."

ಅಂಬುಯಳಿಗೆ ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ. ಎಲ್ಲರ ಮುಂದೆ ಏದುಸಿರು ಬಿಡುತ್ತಲೇ, "ನಾನೂ... ಬರ್ತೀನಿ" ಅಂದಳು.