ಪಕೀರಮ್ಮ ಎತ್ತದ ಎಲೆ

ಸಂಡೂರಿನ ಆ ಕೇರಿಯಲ್ಲಿ ದೈವ ಅಂದರೆ ಗುಡಿಯ ಒಳಗಿನದಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರು. ತೀರ್ಪಾದ ಮೇಲೆ ಜಗಳದ ಎರಡೂ ಕಡೆಯವರು ಒಪ್ಪಿದ ಗುರುತಿಗೆ ತಟ್ಟೆಯಿಂದ ಒಂದೊಂದು ವೀಳ್ಯದೆಲೆ ಎತ್ತಬೇಕು. ಇಬ್ಬರೂ ಎತ್ತುವ ತನಕ ಕೂತವರು ಯಾರೂ ಏಳುವ ಹಾಗಿಲ್ಲ. ಕೋರ್ಟು ಬಂತು, ಪೊಲೀಸ್ ಸ್ಟೇಷನ್ ಬಂತು, ಇದೊಂದು ಮಾತ್ರ ತಪ್ಪಿಲ್ಲ.

ಆ ಬೆಳಿಗ್ಗೆ ಎರ್ರೆಪ್ಪ ತನ್ನ ಎಲೆ ಎತ್ತಿ ಬಾಯಿಗೇ ಹಾಕಿಕೊಂಡಿದ್ದ. ಅವನ ಅತ್ತಿಗೆ, ಗಂಡ ಸತ್ತ ಪಕೀರಮ್ಮನ ಎಲೆ ತಟ್ಟೆಯಲ್ಲೇ ಇತ್ತು.

ಎರಡೂ ಮನೆಗಳ ನಡುವಿನ ಸಂದಿಯಲ್ಲಿ ಎರ್ರೆಪ್ಪ ಗೋಡೆ ಕಟ್ಟಿಕೊಳ್ಳಲಿ, ಆಳು ಹೋಗುವಷ್ಟು ದಾರಿ ಬಿಟ್ಟರೆ ಸಾಕು ಎಂದು ತೀರ್ಪಾಗಿತ್ತು. ಆಳೇನೋ ಹೋಗುತ್ತಾನೆ. ಲಾರಿ ಗುದ್ದಿ ಸೊಂಟ ಮುರಿದ ಪಕೀರಮ್ಮನ ಮಗ ಮಾರೇಶನ ಗಾಲಿ ಕುರ್ಚಿ? ಅದು ಹೋಗದಿದ್ದರೆ ಅವನು ಕತ್ತಲ ಕೋಣೆಯಲ್ಲೇ ಕೊಳೆಯಬೇಕು. ಹೇಳಹೋದರೆ, "ಹೆಣ್ಮಕ್ಳು ದೈವದಾಗ ಮಾತಾಡಂಗಿಲ್ಲ" ಅಂತ ಗದರಿದ್ದರು. ಸರಿ, ಬಾಯಿ ಮುಚ್ಚಿದಳು. ಕೈಯನ್ನೂ ಸೆರಗಿನೊಳಗೆ ಸೇರಿಸಿ ಕೂತಳು. ಇವರೆಲ್ಲ ಸಿಟ್ಟಾದರೆ ನಾಳೆ ಕೇರಿಯಲ್ಲಿ ಯಾರೂ ಮಾತಾಡಿಸುವುದಿಲ್ಲ.

"ಜಲ್ದಿ ಎತ್ತಬೇ ಯಕ್ಕಾ," ಅಂದ ಹೋಟೆಲ್ ಹುಲುಗೇಶ್. "ಅಲ್ಲಿ ನನ್ನ ಇಡ್ಲಿ ಕಲ್ಲಾಗಾಕತ್ತಾವು."

"ಅವು ದಿನಾ ಕಲ್ಲ ಇರ್ತಾವಲ್ಲೋ!" ಅಂದ ಪಕ್ಕದಲ್ಲಿ ಕೂತವನೊಬ್ಬ.

ಯಾರೂ ನಗಲಿಲ್ಲ. ರಸ್ತೆಯಲ್ಲಿ ದೋಣಿಮಲೈ ಗಣಿಯ ಸ್ಟಾಫ್ ಬಸ್ಸು ಹಾರ್ನ್ ಹೊಡೆಯಿತು. ಎರ್ರೆಪ್ಪ ಚಪ್ಪಲಿಗೆ ಕಾಲು ಹಾಕಿದ.

"ಕುಂದ್ರಲೇ!" ಹಿರಿಯ ಜಂಬಯ್ಯ ಅಬ್ಬರಿಸಿದ. "ದೈವ ಇನ್ನಾ ಎದ್ದಿಲ್ಲ."

"ನಾ ಎಲಿ ಎತ್ತೀನಲ್ರೀ ಯಜಮಾನ್ರ! ಈಕಿ ಬೇಕಂತ ಮಾಡಾಕತ್ತಾಳ. ಶಿಫ್ಟ್ ತಪ್ಪತೈತ್ರಿ!"

"ಆಕಿ ಎತ್ತಿಲ್ಲಪಾ. ನೀ ಎದ್ರ ನಿನ್ನ ಎಲಿನೂ ಸುಳ್ಳ, ಗೋಡಿನೂ ಸುಳ್ಳ." ಜಂಬಯ್ಯ ಅವಳ ಕಡೆ ತಿರುಗಿದ. "ಏನ್ ಬೇಕಬೇ ನಿನಗ? ಹೇಳು."

"ಹೆಣ್ಮಕ್ಳು ಮಾತಾಡಂಗಿಲ್ಲಲ್ರೀ."

ಜಂಬಯ್ಯನ ಮುಖ ಕೆಂಪಾಯಿತು. ಮತ್ತೆ ಹಾರ್ನ್.

"ಮಾತಾಡು ಅಂತ ದೈವನ ಹೇಳತೈತಿ."

"ನನ ಮಗನ ಕುರ್ಚಿ ಹೋಗೋವಷ್ಟು ದಾರಿ ಬಿಡಸ್ರಿ."

"ಬಿಡಲೇ ಎರ್ರೆಪ್ಪಾ!" ಹಿಂದಿನಿಂದ ಕೂಗು ಬಿತ್ತು. "ನಮ್ಮ ಬಸ್ಸೂ ತಪ್ಪತೈತಿ!"

ಎರ್ರೆಪ್ಪ ಸುತ್ತ ನೋಡಿದ. ಒಬ್ಬನಾದರೂ ಅವನ ಕಡೆ ಇರಲಿಲ್ಲ.

"ಗೋಡಿ ಪಾಯದ ಗೂಟ ಕೀಳಾಕ ಮಾತ್ರ ಏಳು," ಅಂದ ಜಂಬಯ್ಯ.

ಎರ್ರೆಪ್ಪ ಎದುರಿನ ಸಂದಿಗೆ ಹೋಗಿ ಪಾಯಕ್ಕೆ ಕಟ್ಟಿದ ದಾರ ಹರಿದ, ಗೂಟ ಕಿತ್ತೆಸೆದ. ಎಲ್ಲರೂ ಪಕೀರಮ್ಮನ ಕೈ ನೋಡಿದರು. ಅದು ಸೆರಗಿನಿಂದ ಹೊರಬರಲಿಲ್ಲ.

"ಮಾರೇಶಾ," ಅವಳು ಕೂಗಿದಳು, "ಹೊರಗ ಬಾರಪಾ."

ಸಂದಿಯಲ್ಲಿ ಗಾಲಿ ಕಿರುಗುಟ್ಟಿತು. ಕುರ್ಚಿ ಬಿಸಿಲಿಗೆ ಬಂದು ನಿಂತ ಮೇಲೆ, ಬಾಡಿದ ಎಲೆಯನ್ನು ಅವಳು ಎತ್ತಿಕೊಂಡಳು.