ಬಾಟಲಿಯಲ್ಲಿ ಚಿಗುರಿದ ಚಕ್ಕೆ ಮರ

ಬಾಣಂತಿಯ ನೀರಿನ ಹಂಡೆಯಲ್ಲಿ ಚಕ್ಕೆ ಎಲೆ ಕುದಿಯುವ ವಾಸನೆ ನನಗೆ ಐದು ವರ್ಷದವಳಿದ್ದಾಗಿನಿಂದಲೇ ಗೊತ್ತು. ಜರಗನಹಳ್ಳಿಯಲ್ಲಿ ಯಾರಿಗೆ ಮಗುವಾದರೂ ಎಲೆ ಹೋಗುತ್ತಿದ್ದುದು ಒಂದೇ ಮರದಿಂದ. ಅದು ನನ್ನ ನೆರೆಯ ಅಂಕಮ್ಮನ ಅತ್ತೆ ನೆಟ್ಟ ಮರ. ಕೇಳುವ ಮೊದಲೇ ಎಲೆ ಕಿತ್ತು ಕಳಿಸುವ ಮನೆ ಅದು.

ಎಂಬತ್ತೈದನೇ ಇಸವಿಯಲ್ಲಿ ಚರಂಡಿ ಅಗೆದಾಗ ಬೇರು ಕತ್ತರಿಸಿಹೋಗಿ ಮರ ಒಣಗತೊಡಗಿತು. ಬೀಜ ಹಾಕಿದರೆ ಗಿಡವೇನೋ ಬಂತು, ಆ ಘಮ ಬರಲಿಲ್ಲ. ಕೊಂಬೆ ನೆಟ್ಟರೆ ಕೊಳೆಯಿತು.

ಅಂಕಮ್ಮನ ಬಾಡಿಗೆ ಕೋಣೆಯಲ್ಲಿದ್ದ ಸರಸ್ವತಿಗೆ ಗಿಡಗಳ ಲ್ಯಾಬಿನಲ್ಲಿ ಕೆಲಸ. "ಹಸಿರಿರೋವಾಗ್ಲೇ ನಾಲ್ಕು ಚಿಗುರು ಕೊಡಿ. ಟಿಶ್ಯೂ ಕಲ್ಚರ್ ಮಾಡಿ ನೋಡ್ತೀನಿ," ಎಂದಳು.

"ಅದೇನಮ್ಮ ಅದು?"

"ಚಿಗುರಿನ ತುದಿ ಔಷಧಿಲಿ ತೊಳೆದು ಬಾಟಲಿಲಿ ಇಡೋದು. ಕಡಲಪಾಚಿ ಜೆಲ್ಲಿ, ಸಕ್ಕರೆ, ಗೊಬ್ಬರದ ಸತ್ವ ಹಾಕಿರ್ತೀವಿ. ಬರೋ ಗಿಡಕ್ಕೆಲ್ಲ ಇದೇ ಮರದ ಗುಣ."

"ಮಣ್ಣಿಲ್ದೆ ಗಿಡಾನಾ? ಉಪ್ಪಿನಕಾಯಿ ಹಾಕ್ತೀಯ ಬಿಡು," ಎಂದಳು ಅಂಕಮ್ಮ. ಆದರೂ ಕೊಟ್ಟಳು.

ಹಲವು ಚಿಗುರು ಲ್ಯಾಬಿನಲ್ಲೇ ಸತ್ತವು. ವರ್ಷದ ಮೇಲೆ ಸರಸ್ವತಿ ಮೂರು ಬಾಟಲಿ ತಂದಳು. ಒಳಗೆ ಬೆರಳುದ್ದದ ಗಿಡ, ಕೂದಲೆಳೆಯಂಥ ಬಿಳಿ ಬೇರು. ಮಣ್ಣಿನೊಳಗೆ ಗುಟ್ಟಾಗಿ ನಡೆಯುವುದೆಲ್ಲ ಗಾಜಿನಲ್ಲಿ ಕಾಣುತ್ತಿತ್ತು. ನಾನು ಬಿ.ಎಸ್‌ಸಿ. ಓದಿದವಳು, ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಅಂಕಮ್ಮ ನೆಲದ ಮೇಲೆ ಕೂತು ನೋಡುತ್ತಲೇ ಇದ್ದಳು.

ಮರುದಿನ, ಮನೆಗೆ ಬಂದ ಕೂಸಲ್ಲವೇ ಎಂದು ಅವಳು ಒಂದರ ಮುಚ್ಚಳ ತೆಗೆದು, ಎಲೆಗೆ ಅರಿಶಿನ ಕುಂಕುಮ ಇಟ್ಟಳು. ನಾಲ್ಕೇ ದಿನದಲ್ಲಿ ಬೂಷ್ಟು ಗಿಡವನ್ನು ನುಂಗಿತು.

"ನನ್ ಕೈಯಾರೆ ಕೊಂದ್ನಲ್ಲ."

"ತೆಗೀಬಾರ್ದು ಅಂತ ನಾನೇ ಹೇಳ್ಲಿಲ್ಲ ಅಂಕಮ್ಮ," ಎಂದಳು ಸರಸ್ವತಿ. "ಕೈಯಲ್ಲಿ ಕಣ್ಣಿಗೆ ಕಾಣದ ಬೂಷ್ಟಿರುತ್ತೆ. ಆ ಸಕ್ಕರೆ ಅದಕ್ಕೂ ಊಟಾನೇ. ಇನ್ನೂ ಎರಡಿದೆಯಲ್ಲ."

ಆ ಎರಡರ ಬೇರಿನ ಜೆಲ್ಲಿ ತೊಳೆದು, ಮರಳು ಬೆರೆಸಿದ ಮಣ್ಣಿನ ಕುಂಡಕ್ಕಿಟ್ಟರು. ನೆರಳಲ್ಲಿ ಪ್ಲಾಸ್ಟಿಕ್ ಹೊದಿಸಿ, ದಿನಕ್ಕಿಷ್ಟು ತೆರೆದು ಗಾಳಿಗೆ ಒಗ್ಗಿಸಿದರು. ಇಣುಕಲು ಬಂದವರನ್ನೆಲ್ಲ ಅಂಕಮ್ಮ, "ಮುಟ್ಟೋದಾದ್ರೆ ಕೈ ತೊಳ್ಕೊಂಡ್ ಬಾ," ಎಂದು ಬಾವಿಕಟ್ಟೆಗೆ ಅಟ್ಟುತ್ತಿದ್ದಳು.

ಬೇಸಿಗೆಯಲ್ಲಿ ಹಳೆಯ ಮರ ಪೂರ್ತಿ ಒಣಗಿತು. ಮಳೆ ಬಿದ್ದ ಮೇಲೆ ಅಂಕಮ್ಮ ಕುಂಡದ ಗಿಡದ ಹೊಸ ಎಲೆಯೊಂದನ್ನು ಹಿಸುಕಿ ಮೂಸಿದಳು. "ನಮ್ಮತ್ತೆ ಮರಾನೇ ಕಣಮ್ಮ," ಎಂದಳು ಮೆಲ್ಲಗೆ.

ನಿಮ್ಮ ಹಿತ್ತಲಲ್ಲೂ ಇಂಥ ಮರವಿದ್ದರೆ ಒಣಗುವ ತನಕ ಕಾಯಬೇಡಿ. ಚಿಗುರಿರುವಾಗಲೇ ಬಲ್ಲವರನ್ನು ಕೇಳಿ. ಬಾಟಲಿ ಗಿಡ ಮನೆಗೆ ಬಂದರೆ ಮುಚ್ಚಳ ತೆಗೆಯುವ ಮುನ್ನ ಅವರ ಮಾತು ಕೇಳಿ, ಒಮ್ಮೆಗೇ ಬಿಸಿಲಿಗಿಡಬೇಡಿ. ಆ ಮಳೆಗಾಲದ ಒಂದು ಭಾನುವಾರ ಸರಸ್ವತಿ ಇದನ್ನೇ ಬಿಳೇಕಹಳ್ಳಿಯಿಂದ ಬಂದವರಿಗೆ ಜಗುಲಿಯಲ್ಲಿ ವಿವರಿಸುತ್ತ ಕೂತಿದ್ದಳು. ಮಧ್ಯಾಹ್ನ ಎರಡು ದಾಟಿತ್ತು. ಅಂಕಮ್ಮ ಒಳಗಿನಿಂದ ಬಂದು, ಮುದ್ದೆ, ಸೊಪ್ಪಿನ ಸಾರಿನ ತಟ್ಟೆಯನ್ನು ಸದ್ದಿಲ್ಲದೆ ಅವಳ ಕೈಗಿಟ್ಟಳು.