ಕಾವೂರು ಕೆರೆದಂಡೆಯ ವೀರಗಲ್ಲು

೧೯೩೬ರಲ್ಲಿ ಕಾವೂರು ಕೆರೆಯ ಹತ್ತಿರ ಹೊಸ ಹಂಚಿನ ಕಾರ್ಖಾನೆಗೆ ಜಾಗ ನಿಗದಿಯಾಯಿತು. ಮಣ್ಣು ಅಗೆಯುವ ಮೊದಲು ಅಲ್ಲಿ ಹಳೆಯ ಶಾಸನ, ಕಲ್ಲು ಏನಾದರೂ ಉಂಟೋ ಎಂದು ನೋಡಲು ಸರ್ಕಾರ ಸರ್ವೇಯರ್ ಬಾಸಿಲನನ್ನು ಕಳುಹಿಸಿತು.

ಆ ಜಾಗದಲ್ಲಿದ್ದದ್ದು ಒಂದೇ ಮನೆ, ಒಕ್ಕಲು ದುಗ್ಗಪ್ಪನದು. ಕಾರ್ಖಾನೆ ಬಂದರೆ ಮನೆ ಬಿಡಬೇಕೆಂದು ಜಮೀನಿನ ಧಣಿ ಆಗಲೇ ಹೇಳಿಯಾಗಿತ್ತು.

ಬಾಸಿಲ್ ಬಂದಾಗ ದುಗ್ಗಪ್ಪನ ಹೆಂಡತಿ ದೇಯಿ ಬಾವಿಯ ಬಳಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಅಂಚಿನಲ್ಲಿ ಕೆತ್ತನೆ ಕಂಡು ಅವನು ಅದನ್ನು ಮಗುಚಿಸಿದ. ಅಡಿಯಲ್ಲಿ ಕತ್ತಿ ಹಿಡಿದ ಆಳು, ಅವನ ಕಾಲಬುಡದಲ್ಲಿ ಸವೆದ ಹಳಗನ್ನಡ ಅಕ್ಷರ.

“ವೀರಗಲ್ಲು ಇದು. ಮೊದಲಿಂದ ಇಲ್ಲೇ ಇತ್ತಾ ಅಕ್ಕಾ?”

“ಇಲ್ಲೇ ಇದ್ದರೆ ಎಂತ ಆಗ್ತದೆ?”

“ಸುತ್ತಮುತ್ತ ಅಗೆಯಬಾರದು ಅಂತ ಬರೀತೇನೆ.”

ದೇಯಿ ಸೆರಗಿಗೆ ಕೈಯೊರೆಸಿಕೊಂಡಳು. “ನಾನು ಮದುವೆಯಾಗಿ ಬಂದಾಗಲೂ ಇಲ್ಲೇ ಇತ್ತು.”

ಗದ್ದೆಯಿಂದ ಬಂದ ದುಗ್ಗಪ್ಪ ಅದನ್ನು ಕೇಳಿಸಿಕೊಂಡ. ಕ್ರೈಸ್ತರನ್ನು ಊರವರು ಕರೆಯುವಂತೆಯೇ ಬಾಸಿಲನನ್ನು ಕರೆದ. “ಇಲ್ಲ ಪೊರ್ಬುಗಳೇ, ಕೆರೆದಂಡೆಯಲ್ಲಿ ಬಿದ್ದಿತ್ತು. ಒಗೆಯಲಿಕ್ಕೆ ಆಗ್ತದೆ ಅಂತ ನಾನೇ ಎಳೆದು ತಂದದ್ದು.”

“ಮನೆ ಹೋಗ್ತದೆ, ಗೊತ್ತುಂಟಾ ನಿಮಗೆ?” ದೇಯಿ ಸಿಡುಕಿದಳು.

“ಗೊತ್ತುಂಟು. ಯಾರೋ ಸತ್ತವನ ಕಲ್ಲು ಅದು. ಅವನು ಇಲ್ಲಿ ಬಿದ್ದ ಅಂತ ನಾನು ಹೇಗೆ ಹೇಳಲಿ?”

ಬಾಸಿಲ್ ಕೆರೆದಂಡೆಯ ಪೊದೆ ಸವರಿಸಿದ. ಅಲ್ಲಿ ಕೆಂಪು ಮುರಕಲ್ಲಿನ ಹಳೆಯ ಕಟ್ಟೆ ಸಿಕ್ಕಿತು, ಪಕ್ಕದಲ್ಲಿ ಮಣ್ಣಲ್ಲಿ ಅರ್ಧ ಹೂತ ಇನ್ನೂ ಎರಡು ವೀರಗಲ್ಲು. ದಂಡೆಯನ್ನು ಮುಟ್ಟಬಾರದೆಂದು ಅವನು ವರದಿ ಕೊಟ್ಟ. ಬಾವಿಯ ಬಳಿಯ ಕಲ್ಲನ್ನು ಗಾಡಿಯಲ್ಲಿ ಒಯ್ದು ಕಟ್ಟೆಯ ಮೇಲೆ ನಿಲ್ಲಿಸಿದರು. ದಂಡೆ ಬಿಟ್ಟದ್ದರಿಂದ ಕಾರ್ಖಾನೆಯ ಮಣ್ಣಿನ ಗುಂಡಿ ಮಾತ್ರ ಮನೆಯ ಕಡೆಗೆ ಸರಿಯಿತು, ಮನೆ ಹೋಯಿತು.

ಬಾಸಿಲ್ ಧಣಿಯ ಹತ್ತಿರ ಎರಡು ಸಲ ಹೋಗಿ ಮಾತಾಡಿದ ಮೇಲೆ ದುಗ್ಗಪ್ಪನಿಗೆ ಗುಡ್ಡದ ಮೇಲೆ ಒಂದು ತುಂಡು ಜಾಗ ಸಿಕ್ಕಿತು. ಬರೀ ಪಾದೆ, ಕಲ್ಲುನೆಲ. ಮುಳಿಹುಲ್ಲಿನ ಗುಡಿಸಲು ಎದ್ದಿತು. ದೇಯಿ ಅನ್ನ ಬಡಿಸುತ್ತಿದ್ದಳು, ಗಂಡನೊಡನೆ ಮಾತಿಲ್ಲ. ನೀರಿಗೆ ಗುಡ್ಡ ಇಳಿದು ಹತ್ತಬೇಕಿತ್ತು.

ದುಗ್ಗಪ್ಪ ಒಬ್ಬನೇ ಬಾವಿ ತೋಡಲು ಶುರುಮಾಡಿದ. ತಾನೇ ಅಗೆದು, ತಾನೇ ಮೇಲೆ ಹತ್ತಿ ಬುಟ್ಟಿಯ ಕಲ್ಲುಮಣ್ಣನ್ನು ಹಗ್ಗದಲ್ಲಿ ಎಳೆಯುತ್ತಿದ್ದ. ಎದೆಮಟ್ಟಕ್ಕೆ ಇಳಿದ ಮೇಲೆ ಒಂದು ಬೆಳಿಗ್ಗೆ ದೇಯಿ ಬಂದು ಹಗ್ಗ ಹಿಡಿದಳು.

“ಬುಟ್ಟಿ ತುಂಬಿಸಿ,” ಎಂದಳು. “ಹೀಗೆ ಒಬ್ಬರೇ ತೋಡಿದರೆ ಮಳೆಗಾಲ ಬರ್ತದೆ, ನೀರು ಬರುವುದಿಲ್ಲ.”